ಪತ್ತನಾಜೆಯೊಳಗೆ ಮುಗಿಯಬೇಕಾದ ಕೆಲಸ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯ ಮನೆಮಾಡಿನ ಚರಿತ್ರೆ

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆಯ ಕಡೆ ಮನೆಯ ಮೇಲ್ಹೊದಿಕೆಗೆ ‘ಮಾಡು’ ಎಂದೇ ಹೆಸರು. ಕೆಲಸವನ್ನು ಹೇಳುವ ‘ಮಾಡು’ ಎಂಬ ಕ್ರಿಯಾಪದಕ್ಕೂ ಈ ಶಬ್ದಕ್ಕೂ ಮೂಲದಲ್ಲಿ ನಂಟಿಲ್ಲವಾದರೂ, ಈ ಸೀಮೆಯ ಮನೆಗಳ ಹಿಂದಿನ ಬದುಕನ್ನು ನೋಡಿದರೆ ಮಾಡು ಎಂಬುದು ಒಮ್ಮೆ ಕಟ್ಟಿ ಮರೆತುಬಿಡುವ ವಸ್ತುವಾಗಿರದೆ ವರ್ಷವರ್ಷವೂ ಮಾಡಬೇಕಾದ ಕೆಲಸವೇ ಆಗಿತ್ತೆಂಬುದು ಸ್ಪಷ್ಟವಾಗುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದುಹೋಗುವ, ಘಟ್ಟದ ಬುಡಕ್ಕೆ ಹತ್ತಿರವಾದಷ್ಟೂ ಮಳೆಯ ಹೊಡೆತ ಬಿರುಸಾಗುವ ಪ್ರದೇಶವಿದು. ಇಲ್ಲಿ ಯಾವ ಹೊದಿಕೆಯೂ ತಾನಾಗಿ ಬಾಳಲಿಲ್ಲ. ಆದ್ದರಿಂದ ಇಲ್ಲಿನ ಮಾಡಿನ ಚರಿತ್ರೆಯನ್ನು ಹುಲ್ಲು ಹೋಗಿ ಹಂಚು ಬಂತು, ಹಂಚು ಹೋಗಿ ಕಾಂಕ್ರೀಟು ಬಂತು ಎಂದು ಸಾಮಗ್ರಿಗಳ ಸಾಲಾಗಿ ಬರೆಯುವುದಕ್ಕಿಂತ, ಮಳೆಗೆ ಮುಂಚಿನ ಆ ವಾರ್ಷಿಕ ಕೆಲಸ ಯಾರ ಹೆಗಲಿನಿಂದ ಯಾರ ಹೆಗಲಿಗೆ ದಾಟುತ್ತ ಬಂತು ಎಂದು ನೋಡುವುದು ಹೆಚ್ಚು ಸರಿಯಾದೀತು.

ಆ ಕೆಲಸಕ್ಕೆ ಗಡುವು ಪತ್ತನಾಜೆ. ತುಳು ತಿಂಗಳಾದ ಬೇಶದ ಹತ್ತನೆಯ ದಿನ, ಅಂದರೆ ಮೇ 24 ಅಥವಾ 25ರ ಸುಮಾರಿಗೆ ಬರುವ ಈ ದಿನದಂದು ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ, ಭೂತಗಳ ಕೋಲ ನೇಮಗಳಿಗೂ ದೇವಸ್ಥಾನಗಳ ಉತ್ಸವಗಳಿಗೂ ತೆರೆ ಬೀಳುತ್ತದೆ, ಗದ್ದೆಯ ಕೆಲಸ ಎದುರಿಗೆ ಬಂದು ನಿಲ್ಲುತ್ತದೆ. ಪತ್ತನಾಜೆಯ ಬಳಿಕ ಬರುವ ಕಾರ್ತೆಲ್ ಮತ್ತು ಆಟಿ ತಿಂಗಳುಗಳಲ್ಲಿ ಮಾಡು ಹತ್ತುವುದೆಂದರೆ ಜಾರಿಬೀಳುವ ಅಪಾಯವನ್ನು ತಂದುಕೊಂಡಂತೆಯೇ ಸರಿ. ಹಾಗಾಗಿ ಹೊದಿಕೆಯ ಕೆಲಸವೆಲ್ಲ ಪಗ್ಗು ಮತ್ತು ಬೇಶ ತಿಂಗಳುಗಳ ಬಿಸಿಲಿನಲ್ಲೇ ಮುಗಿಯಬೇಕಾಗಿತ್ತು. ಆದರೆ ಅದರ ಸಿದ್ಧತೆ ಆರಂಭವಾಗುತ್ತಿದ್ದುದು ಅದಕ್ಕೂ ನಾಲ್ಕೈದು ತಿಂಗಳು ಮೊದಲು, ಗುಡ್ಡದ ಮೇಲೆ.

ಮುರಕಲ್ಲಿನ, ಅಂದರೆ ಗಾಳಿಗೆ ಒಡ್ಡಿದಷ್ಟೂ ಗಟ್ಟಿಯಾಗುವ ಕೆಂಪು ಜಂಬಿಟ್ಟಿಗೆಯ ಬಯಲುಗಳನ್ನು ಇಲ್ಲಿ ಪದವು ಎನ್ನುತ್ತಾರೆ. ಮಳೆಗಾಲದಲ್ಲಿ ಈ ಪದವುಗಳಲ್ಲಿಯೂ ಗುಡ್ಡಗಳ ಇಳಿಜಾರುಗಳಲ್ಲಿಯೂ ಎದೆಯುದ್ದ ಬೆಳೆದು, ಮಳೆ ನಿಂತ ಮೇಲೆ ಒಣಗಿ ಹೊಂಬಣ್ಣಕ್ಕೆ ತಿರುಗುವ ಒರಟು ಹುಲ್ಲೇ ಮುಳಿ. ದನಗಳು ಎಳೆಯದನ್ನಷ್ಟೇ ಮೇಯುವ, ಬಲಿತ ಮೇಲೆ ಅಂಚಿನಿಂದ ಕೈ ಕೊಯ್ಯುವ ಈ ಹುಲ್ಲಿಗೆ ಮೇವಾಗಿ ಬೆಲೆ ಕಡಿಮೆಯಿದ್ದರೂ ಹೊದಿಕೆಯಾಗಿ ಬೈಹುಲ್ಲಿಗಿಂತ, ಅಂದರೆ ಭತ್ತದ ಒಣಹುಲ್ಲಿಗಿಂತ, ಹೆಚ್ಚಿನ ಮರ್ಯಾದೆಯಿತ್ತು. ಏಕೆಂದರೆ ಬೈಹುಲ್ಲು ನೀರು ಹೀರಿ ಬೇಗ ಕೊಳೆತರೆ ಮುಳಿಯ ಗಟ್ಟಿ ದಂಟು ನೀರನ್ನು ಜಾರಿಸಿ ಒಂದೆರಡು ವರ್ಷ ತಾಳುತ್ತಿತ್ತು. ಚಳಿಗಾಲದಲ್ಲಿ ಮುಳಿ ಕೊಯ್ದು, ಸೂಡಿ ಕಟ್ಟಿ, ಅಂದರೆ ಒಂದು ತೋಳಿನ ಅಪ್ಪುಗೆಗೆ ಸಿಗುವಷ್ಟು ಹುಲ್ಲನ್ನು ಕಟ್ಟಾಗಿ ಬಿಗಿದು, ಬೆಂಕಿ ಮತ್ತು ಗೆದ್ದಲು ತಾಗದಂತೆ ಮನೆಯ ಬಳಿ ಒಟ್ಟಿಡುವುದು ಒಂದು ಕೆಲಸವಾದರೆ, ಆ ಮುಳಿ ಯಾರದೆಂಬುದು ಬೇರೆಯೇ ಒಂದು ಪ್ರಶ್ನೆಯಾಗಿತ್ತು.

ಈ ಪ್ರಶ್ನೆಗೆ ಉತ್ತರ ಕಂದಾಯದ ಕಾಗದಪತ್ರಗಳಲ್ಲಿ ಸಿಗುತ್ತದೆ. ಹಳೆಯ ದಕ್ಷಿಣ ಕನ್ನಡದಲ್ಲಿ ಸರಕಾರಿ ಲೆಕ್ಕದಲ್ಲಿ ಒಬ್ಬನ ಹೆಸರಿಗೆ ದಾಖಲಾದ ಕೃಷಿಭೂಮಿಯನ್ನು ‘ವರ್ಗ’ ಎಂದೂ ಅದನ್ನು ಹೊಂದಿದವನನ್ನು ವರ್ಗದಾರನೆಂದೂ ಕರೆಯುತ್ತಿದ್ದರು. ಫಸಲಿ 1276ಕ್ಕೆ, ಅಂದರೆ 1866ಕ್ಕೆ, ಮೊದಲು ಏರ್ಪಟ್ಟ ವರ್ಗಗಳ ಗಡಿಯಿಂದ 100 ಗಜಗಳೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಹುಲ್ಲು, ಸೌದೆ, ಕೃಷಿಗೆ ಬೇಕಾದ ಮರಮುಟ್ಟುಗಳನ್ನು ಉಚಿತವಾಗಿ ಪಡೆಯುವ ಸವಲತ್ತು ವರ್ಗದಾರನಿಗಿತ್ತು, ಇದೇ ಕುಮ್ಕಿ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 79ನೇ ಕಲಮೂ ಇದನ್ನು ಉಳಿಸಿಕೊಂಡಿತು. ಕುಮ್ಕಿಯ ಕುರಿತ ಚರ್ಚೆಗಳು ಸಾಮಾನ್ಯವಾಗಿ ಅಡಿಕೆ ತೋಟಕ್ಕೆ ಹಾಕುವ ಸೊಪ್ಪಿನ ಸುತ್ತಲೇ ನಡೆಯುತ್ತವೆಯಾದರೂ, ಮನೆಯ ಮಾಡು ಕೂಡ ಅದೇ ನೂರು ಗಜದಿಂದ ಬರುತ್ತಿತ್ತೆಂಬುದನ್ನು ಮರೆಯಬಾರದು. ವರ್ಗದಾರನ ಮನೆಗೆ ಮುಳಿ ಹಕ್ಕಿನಿಂದ ಬಂದರೆ ಅವನ ಒಕ್ಕಲಿನ ಗುಡಿಸಲಿಗೆ ಅದು ಬರುತ್ತಿದ್ದುದು ಅವನ ಅನುಮತಿಯಿಂದ.

ಹೊದಿಸುವ ವಿಧಾನ ಸರಳವಾಗಿ ಕಂಡರೂ ಸಲೀಸಾದುದಲ್ಲ. ಮಣ್ಣಿನ ಅಥವಾ ಮುರಕಲ್ಲಿನ ಗೋಡೆಯ ಮೇಲೆ ನೆಲೆನಿಂತ ಮರದ ತೊಲೆಗಳಿಂದ ನೆತ್ತಿಯ ತೊಲೆಯವರೆಗೆ ಓರೆಯಾಗಿ ಏರುವ ಪಕ್ಕಾಸುಗಳನ್ನು ಜೋಡಿಸಿ, ಅವುಗಳ ಮೇಲೆ ಅಡ್ಡಲಾಗಿ ಅಡಿಕೆ ಮರದ ಸೀಳುಗಳನ್ನೋ ಬಿದಿರಿನ ದಬ್ಬೆಗಳನ್ನೋ ಕಟ್ಟಿದ ಹಂದರವೇ ಮಾಡಿನ ಎಲುಬುಗೂಡು. ಕಬ್ಬಿಣದ ಮೊಳೆಗೆ ಇದರಲ್ಲಿ ಕೆಲಸವಿರಲಿಲ್ಲ; ಕಾಡುಬಳ್ಳಿ, ಬೆತ್ತ, ತೆಂಗಿನ ಕತ್ತದ ಹಗ್ಗ ಇವೇ ಬೆಸುಗೆ. ಹೊದಿಸುವವನು ಕೆಳಗಿನ ಸೂರಿನ ಅಂಚಿನಿಂದ ಕೆಲಸ ಆರಂಭಿಸುತ್ತಾನೆ. ಮೊದಲ ಸಾಲಿನ ಹುಲ್ಲನ್ನು ಬುಡ ಮೇಲಕ್ಕೂ ತುದಿ ಕೆಳಕ್ಕೂ ಬರುವಂತೆ ಹರಡಿ, ಹೊರಗಿನಿಂದ ಒಂದು ಸೀಳನ್ನು ಒತ್ತಿ ಹಿಡಿದು, ಒಳಗೆ ನಿಂತವನ ಕೈಗೆ ಹುಲ್ಲಿನ ನಡುವಿನಿಂದ ಹಗ್ಗ ತೂರಿಸುತ್ತಾನೆ. ಒಳಗಿನವನು ಅದನ್ನು ಹಂದರಕ್ಕೆ ಸುತ್ತಿ ಮರಳಿ ಹೊರಕ್ಕೆ ಕೊಡುತ್ತಾನೆ. ಬಳಿಕ ಎರಡನೆಯ ಸಾಲು ಮೊದಲ ಸಾಲಿನ ಕಟ್ಟನ್ನು ಮುಚ್ಚುವಂತೆ ಬರಬೇಕು. ಹಗ್ಗದ ಒಂದೇ ಒಂದು ಗಂಟು ಬಯಲಿಗೆ ಉಳಿದರೂ ಆಟಿಯ ಮಳೆ ಅದನ್ನೇ ಹಿಡಿದು ಒಳಗಿಳಿಯುತ್ತದೆ. ಹೀಗೆ ಏರುತ್ತ ಹೋಗಿ ನೆತ್ತಿಯಲ್ಲಿ ಎರಡೂ ಬದಿಯ ಹುಲ್ಲನ್ನು ಬಾಗಿಸಿ ದಪ್ಪವಾಗಿ ಕಟ್ಟಿದಲ್ಲಿಗೆ ಕೆಲಸ ಮುಗಿಯಿತು. ಮಾಡಿನ ಇಳಿಜಾರು ಕಡಿದಾಗಿದ್ದಷ್ಟೂ ನೀರು ನಿಲ್ಲದೆ ಓಡುತ್ತದೆ. ಸೂರು ತಗ್ಗಾಗಿದ್ದಷ್ಟೂ ಎರಚಲು ಮಣ್ಣಿನ ಗೋಡೆಗೆ ತಾಗುವುದು ಕಡಿಮೆ. ಹಳೆಯ ಮನೆಗಳನ್ನು ತಲೆ ಬಗ್ಗಿಸಿಯೇ ಹೊಗಬೇಕಾಗಿದ್ದುದಕ್ಕೆ ವಿನಯಕ್ಕಿಂತ ಮಳೆಯೇ ಮುಖ್ಯ ಕಾರಣವೆಂದು ಹೇಳಬೇಕಾಗುತ್ತದೆ.

ಮುಳಿಯ ಅನುಕೂಲವಿಲ್ಲದವರಿಗೆ ಮಡಲು ಮತ್ತು ಸೋಗೆ ಆಸರೆಯಾಗಿದ್ದವು. ತೆಂಗಿನ ಗರಿಯಾದ ಮಡಲನ್ನು ನಡುದಿಂಡಿನ ಉದ್ದಕ್ಕೆ ಎರಡಾಗಿ ಸೀಳಿ, ತೋಡಿನ ಅಥವಾ ಕೆರೆಯ ನೀರಿನಲ್ಲಿ ಕೆಲವು ದಿನ ನೆನೆಹಾಕಿ, ಮೆದುವಾದ ಮೇಲೆ ಎಲೆಗಳನ್ನು ಒಂದರೊಳಗೊಂದು ಹೆಣೆದರೆ ಹೊದಿಕೆಯ ತಟ್ಟಿ ಸಿದ್ಧವಾಗುತ್ತದೆ. ಇದು ಹೆಚ್ಚಾಗಿ ಹೆಂಗಸರ ಕೈಕೆಲಸವಾಗಿತ್ತು. ಅಡಿಕೆಯ ಸೋಗೆಗೆ ಹೆಣಿಗೆ ಬೇಡ, ಆದರೆ ಅದು ಒಂದು ಮಳೆಗಾಲಕ್ಕೆ ಮಾತ್ರ. ಪಡುವಣ ಮತ್ತು ತೆಂಕಣ ಗಾಳಿ ನೇರವಾಗಿ ಬಡಿಯುವ ಬದಿಯಲ್ಲಿ ಸೂರಿನಿಂದ ನೆಲದವರೆಗೆ ಮಡಲಿನ ತಟ್ಟಿಗಳನ್ನು ಇಳಿಬಿಟ್ಟು ಗೋಡೆಗೂ ಒಂದು ಗೊರಬೆ, ಅಂದರೆ ಮಳೆಗೆ ತಲೆ ಬೆನ್ನು ಮುಚ್ಚಿಕೊಳ್ಳುವ ಎಲೆಯ ಹೊದಿಕೆ, ಹೊದಿಸುವ ಪದ್ಧತಿಯಿತ್ತು. ಹಾಗಾಗಿ ಮಳೆಗಾಲದ ನಾಲ್ಕು ತಿಂಗಳು ಜಗಲಿಯಲ್ಲಿ ಹಗಲೂ ಮಬ್ಬುಗತ್ತಲೆ.

ಇಂತಹ ಮಾಡನ್ನು ಉಳಿಸುತ್ತಿದ್ದ ಮತ್ತೊಂದು ಸಂಗತಿ ಹೊಗೆ. ಮುಚ್ಚಿಗೆ, ಅಂದರೆ ಮರದ ಹಲಗೆಯ ಒಳಹೊದಿಕೆ, ಇಲ್ಲದ ಅಡುಗೆಮನೆಯ ಒಲೆಯಿಂದಲೂ ಬಚ್ಚಲ ಹಂಡೆಯ ಬೆಂಕಿಯಿಂದಲೂ ಏಳುತ್ತಿದ್ದ ಹೊಗೆ ಹುಲ್ಲಿನ ಸಂದುಗಳಲ್ಲೇ ನುಸುಳಿ ಹೊರಹೋಗುವಾಗ ಒಳಮೈಯನ್ನು ಒಣಗಿಸಿ, ಕಪ್ಪು ಮಸಿಯ ಲೇಪ ಕಟ್ಟಿ, ಹುಳಗಳನ್ನು ದೂರವಿಡುತ್ತಿತ್ತು. ಹಳೆಯದನ್ನು ಕಿತ್ತಾಗ ಆ ಮಸಿಹಿಡಿದ ಹುಲ್ಲು ಹಟ್ಟಿಗೆ, ಅಂದರೆ ದನದ ಕೊಟ್ಟಿಗೆಗೆ, ಹಾಸಾಗಿ ಅಲ್ಲಿಂದ ಗೊಬ್ಬರವಾಗಿ ತೋಟಕ್ಕೋ ಗದ್ದೆಗೋ ಸೇರುತ್ತಿತ್ತು. ಗುಡ್ಡದಿಂದ ಮನೆಗೆ, ಮನೆಯಿಂದ ತೋಟಕ್ಕೆ ಸಾಗುವ ಹುಲ್ಲಿನ ದಾರಿಯಲ್ಲಿ ಮಾಡು ಒಂದು ತಂಗುದಾಣವಾಗಿತ್ತೆನ್ನಬಹುದು.

ಈ ವ್ಯವಸ್ಥೆಯನ್ನು ಹೊಗಳುವ ಭರದಲ್ಲಿ ಅದರ ಹೊರೆಯನ್ನು ಮರೆಮಾಚುವುದು ತರವಲ್ಲ. ಗುತ್ತಿನ ಮನೆಗಳಲ್ಲಿ, ಅಂದರೆ ಊರಿನ ಆಡಳಿತದ ಹೊಣೆ ಹೊತ್ತ ಭೂಮಾಲೀಕ ಮನೆತನಗಳ ದೊಡ್ಡ ಮನೆಗಳಲ್ಲಿ, ಹೊದಿಕೆಯ ದಿನ ಒಕ್ಕಲುಗಳೂ ಮೂಲದ ಆಳುಗಳೂ, ಅಂದರೆ ತಲೆಮಾರುಗಳಿಂದ ಆ ಮನೆಗೆ ಕಟ್ಟುಬಿದ್ದ ಆಳುಗಳೂ, ಬಂದು ದುಡಿಯುತ್ತಿದ್ದರು. ಅವರ ಸ್ವಂತ ಗುಡಿಸಲುಗಳ ಸರದಿ ಆ ಬಳಿಕ. ಗೇಣಿಯ ಬಗೆಗಳೂ ಮಾಡಿನ ಮೇಲೆ ಅಚ್ಚೊತ್ತಿದ್ದವು. ಶಾಶ್ವತ ಹಿಡುವಳಿಯಾದ ಮೂಲಗೇಣಿಯವನು ಗಟ್ಟಿಮರದ ಪಕ್ಕಾಸು ಹಾಕಿಸುವ ಧೈರ್ಯ ಮಾಡಬಹುದಾಗಿತ್ತು. ಧಣಿಯ ಇಚ್ಛೆಯಂತೆ ವರ್ಷದಿಂದ ವರ್ಷಕ್ಕೆ ನಡೆಯುವ ಚಾಲಗೇಣಿಯವನಿಗೆ ಮುಂದಿನ ಪತ್ತನಾಜೆಗೆ ತಾನು ಅದೇ ಮಾಡಿನ ಕೆಳಗಿರುತ್ತೇನೆಂಬ ಖಾತರಿ ಇರಲಿಲ್ಲ. ಒಂದು ವರ್ಷ ಬಾಳುವ ಹೊದಿಕೆ ಒಂದು ವರ್ಷದ ಗೇಣಿಗೆ ಹೊಂದಿಕೊಂಡಿದ್ದುದು ಕೇವಲ ಬಡತನದ ಪರಿಣಾಮವೆಂದು ಹೇಳಿಬಿಡಲಾಗದು.

ಶಾಶ್ವತವಾದ ಮಾಡಿನ ಕಲ್ಪನೆ ಈ ಸೀಮೆಗೆ ಹೊಸದಾಗಿರಲಿಲ್ಲ. ಅದು ದೇವರಿಗೆ ಮೀಸಲಾಗಿತ್ತು. ಮೂಡುಬಿದಿರೆಯಲ್ಲಿ 1430ರಲ್ಲಿ ಕಟ್ಟಿದ ತ್ರಿಭುವನ ತಿಲಕ ಚೂಡಾಮಣಿ ಬಸದಿ, ಜನರ ಬಾಯಲ್ಲಿ ಸಾವಿರ ಕಂಬದ ಬಸದಿ, ಇದಕ್ಕೆ ಒಳ್ಳೆಯ ನಿದರ್ಶನ. ಘಟ್ಟದ ಮೇಲಿನ ಶಿಲಾ ದೇವಾಲಯಗಳ ಚಪ್ಪಟೆ ಮೇಲ್ಛಾವಣಿಯನ್ನು ಇಲ್ಲಿನ ಶಿಲ್ಪಿಗಳು ಹಾಗೆಯೇ ತರಲಿಲ್ಲ. ಹುಲ್ಲಿನ ಮನೆಯ ಇಳಿಜಾರನ್ನೇ ಅವರು ಕಲ್ಲಿನಲ್ಲಿ ಮತ್ತೆ ಕಟ್ಟಿದರು. ಕೆಳಗಿನ ನೆಲೆ ಕಲ್ಲಿನದು, ಮೇಲಿನ ಎರಡು ನೆಲೆಗಳು ಮರದವು. ಮೇಲಿನ ಓರೆ ಮಾಡುಗಳಿಗೆ ತಾಮ್ರದ ಹೊದಿಕೆ. ವಾಸ್ತುಶಿಲ್ಪದ ಇತಿಹಾಸಕಾರ ಜೇಮ್ಸ್ ಫರ್ಗುಸನ್ 19ನೇ ಶತಮಾನದಲ್ಲಿ ಮೂಡುಬಿದಿರೆಯ ಬಸದಿಗಳನ್ನು ನೇಪಾಳದ ಕಟ್ಟಡಗಳಿಗೆ ಹೋಲಿಸಿದ ಮೇಲೆ ಆ ಹೋಲಿಕೆ ಇಂದಿಗೂ ಪ್ರವಾಸಿ ಕೈಪಿಡಿಗಳಲ್ಲಿ ಓಡಾಡುತ್ತಿದೆಯಾದರೂ, ಅಷ್ಟು ದೂರ ಹೋಗುವ ಅಗತ್ಯ ಕಾಣುವುದಿಲ್ಲ. ಬಸದಿಯ ಅಕ್ಕಪಕ್ಕದ ಮುಳಿಮನೆಗಳೇ ಅದರ ಹತ್ತಿರದ ನೆಂಟರು. ಇದೇ ಊರಿನ ಸಿದ್ಧಾಂತ ಬಸದಿ ಧವಲಾ, ಜಯಧವಲಾ, ಮಹಾಧವಲಾ ಎಂಬ ಜೈನ ಗ್ರಂಥಗಳ ತಾಳೆಯೋಲೆಯ ಪ್ರತಿಗಳನ್ನು ನೂರಾರು ವರ್ಷ ಕಾಪಾಡಿಕೊಂಡು ಬಂತು. ಮನೆಯ ಮೇಲಿನ ಓಲೆ ಒಂದು ಮಳೆಗಾಲಕ್ಕೆ ಕೊಳೆಯುತ್ತಿದ್ದ ಊರಿನಲ್ಲಿ ಬಸದಿಯೊಳಗಿನ ಓಲೆ ಶತಮಾನಗಳನ್ನು ದಾಟಿತು.

ಸಾಮಾನ್ಯರ ಮನೆಯ ಮಾಡಿನಲ್ಲಿ ದೊಡ್ಡ ಬದಲಾವಣೆ ಬಂದದ್ದು ನೇತ್ರಾವತಿಯ ಕೆಳದಂಡೆಯಿಂದ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ತನ್ನನ್ನು ಸೇರಿ ಜಾತಿಯ ಕಸುಬನ್ನೂ ಒಕ್ಕಲುತನವನ್ನೂ ಕಳೆದುಕೊಂಡವರಿಗೆ ಉದ್ಯೋಗ ಒದಗಿಸಲು ಮುದ್ರಣ, ನೇಯ್ಗೆ ಮೊದಲಾದವನ್ನು ಆರಂಭಿಸಿತ್ತು. ಮುದ್ರಣದ ಕೆಲಸಕ್ಕೆಂದು ಬಂದಿದ್ದ ಜಾರ್ಜ್ ಪ್ಲೆಬ್ಸ್ಟ್ ಇಲ್ಲಿನ ನದೀತೀರದ ಜೇಡಿಮಣ್ಣನ್ನು ಪರೀಕ್ಷಿಸಿ, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಫ್ರಾನ್ಸಿನ ಆಲ್ಸೇಸ್ ಪ್ರಾಂತದ ಗಿಲಾರ್ಡೋನಿ ಸಹೋದರರು 1841ರಲ್ಲಿ ರೂಪಿಸಿದ, ಒಂದರ ಅಂಚು ಇನ್ನೊಂದರ ಕಾಲುವೆಯೊಳಗೆ ಕೂರುವ ಹಂಚಿನ ಮಾದರಿಯೇ ಇದಕ್ಕೆ ಮೂಲ. 1868ರಲ್ಲಿ ಆಲ್ಬುಕರ್ಕ್ ಕುಟುಂಬದ ಕಾರ್ಖಾನೆ ಬಂತು. ಅದರ ಬೆನ್ನಿಗೆ ಮಂಗಳೂರಿನ ಹೊಳೆಬದಿಯುದ್ದಕ್ಕೂ ಹೊಗೆಕೊಳವೆಗಳು ಎದ್ದವು. ಮೊದಲ ಮಹಾಯುದ್ಧದಲ್ಲಿ ಬಾಸೆಲ್ ಮಿಷನ್ನಿನ ಉದ್ಯಮಗಳು ಸರಕಾರದ ವಶವಾಗಿ ಮುಂದೆ ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದರೂ ಹಂಚಿಗೆ ಅಂಟಿದ ಊರಿನ ಹೆಸರು ಹಾಗೆಯೇ ಉಳಿಯಿತು.

ಹಂಚು ತಯಾರಾಗಲು ಬೇಕಾದ ಜೇಡಿಮಣ್ಣು ನೇತ್ರಾವತಿ ಮತ್ತು ಗುರುಪುರ ಹೊಳೆಗಳ ಬದಿಯ ಗದ್ದೆಗಳಿಂದ ದೋಣಿಗಳಲ್ಲಿ ಬರುತ್ತಿತ್ತು. ಗೂಡಿಗೆ ಬೇಕಾದ ಸೌದೆ ಒಳನಾಡಿನ ಕಾಡುಗಳಿಂದ ಬರುತ್ತಿತ್ತು. ಘಟ್ಟದ ಸರಕು ಇಳಿದು ದೋಣಿ ಹತ್ತುವ ತಾಣವಾಗಿದ್ದ ಬಂಟ್ವಾಳ ಪೇಟೆಗೆ ಮಂಗಳೂರಿನ ಸರಕು ತಲುಪಲು ಹೊಳೆಯೇ ಹೆದ್ದಾರಿ. ಮೊದಲು ವ್ಯಾಪಾರಿಗಳ ಅಂಗಡಿ ಮನೆಗಳಿಗೆ, ಗುತ್ತು ಬೀಡುಗಳಿಗೆ, ದೇವಸ್ಥಾನದ ಸುತ್ತುಪೌಳಿಗೆ ಬಂದ ಹಂಚು, ಎತ್ತಿನ ಗಾಡಿ ಹೋಗಬಲ್ಲ ದಾರಿಗಳಾದಂತೆ ಬೆಳ್ತಂಗಡಿಯ ಒಳಹಳ್ಳಿಗಳಿಗೂ ಹತ್ತಿತು. 1923ರ ನೇತ್ರಾವತಿಯ ಮಹಾಪ್ರವಾಹ, ಹಿರಿಯರು ‘ಮಾರಿಬೊಳ್ಳ’ ಎಂದು ನೆನೆಯುವ ನೆರೆ, ಬಂಟ್ವಾಳ ಪೇಟೆಯನ್ನು ಮುಳುಗಿಸಿತು. ನೆರೆಯಲ್ಲಿ ಮಣ್ಣಿನ ಗೋಡೆ ಕರಗಿದರೆ ಮೇಲಿನದು ಹುಲ್ಲಾದರೇನು, ಹಂಚಾದರೇನು? ಗೋಡೆಯನ್ನು ಮರೆತು ಮಾಡನ್ನೊಂದೇ ಗಟ್ಟಿಮಾಡುವುದರಿಂದ ಪ್ರಯೋಜನವಿಲ್ಲವೆಂಬುದನ್ನು ಹೊಳೆ ತೋರಿಸಿಕೊಟ್ಟಿತು.

ಮಂಗಳೂರು ಹಂಚನ್ನು ಒಮ್ಮೆ ಮಗುಚಿ ನೋಡಿದರೆ ಅದರ ಜಾಣ್ಮೆ ತಿಳಿಯುತ್ತದೆ. ಸುಮಾರು 41 ಸೆಂಟಿಮೀಟರ್ ಉದ್ದ, 24 ಸೆಂಟಿಮೀಟರ್ ಅಗಲದ, ಎರಡರಿಂದ ಮೂರು ಕಿಲೋ ತೂಗುವ ಈ ಹಂಚಿನ ಬೆನ್ನಿನ ಮೇಲ್ತುದಿಯಲ್ಲಿ ಎರಡು ಗುಬುಟುಗಳಿದ್ದು, ಪಕ್ಕಾಸಿನ ಮೇಲೆ ಅಡ್ಡಲಾಗಿ ಹೊಡೆದ ತೆಳು ಮರದ ಪಟ್ಟಿಯಾದ ರೀಪಿಗೆ ಅವು ಕೊಕ್ಕೆಯಂತೆ ಸಿಕ್ಕಿಕೊಳ್ಳುತ್ತವೆ. ಒಂದು ಮಗ್ಗುಲಿನ ಕಾಲುವೆಯೊಳಗೆ ಪಕ್ಕದ ಹಂಚಿನ ಏಣು ಕೂರುತ್ತದೆ. ಮೊಳೆಯಿಲ್ಲ, ಗಾರೆಯಿಲ್ಲ, ಭಾರವೇ ಅದನ್ನು ಹಿಡಿದಿಡುತ್ತದೆ. ನೂರು ಚದರಡಿ ಮಾಡಿಗೆ ಸುಮಾರು 150 ಹಂಚು ಬೇಕು. ಸಾವಿರ ಚದರಡಿಯ ಮಾಡಿಗೆ 1,500 ಹಂಚು, ಅಂದರೆ ಮೂರೂವರೆ ಟನ್ನಿಗೂ ಮಿಕ್ಕ ಭಾರ, ಮಳೆಯಲ್ಲಿ ನೆಂದಾಗ ಇನ್ನೂ ಹೆಚ್ಚು. ಬಿದಿರಿನ ದಬ್ಬೆಯೂ ಅಡಿಕೆಯ ಸೀಳೂ ಹೊರಲಾಗದ ಈ ಭಾರಕ್ಕಾಗಿ ಕಿರಾಲುಭೋಗಿ, ಹಲಸು ಮೊದಲಾದ ಮರಗಳ ಪಕ್ಕಾಸುಗಳು ಬೇಕಾದವು. ಹೊದಿಸುವವನ ಜಾಗಕ್ಕೆ ಆಚಾರಿ ಬಂದನು; ಗುಡ್ಡದ ಹುಲ್ಲಿನ ಜಾಗಕ್ಕೆ ಕಾಡಿನ ಮರವೂ ಪೇಟೆಯ ಹಣವೂ ಬಂದವು. ಹಂಚಿನ ಬೆನ್ನಿನ ಮೇಲೆ ಕಾರ್ಖಾನೆಯ ಹೆಸರಿನ ಜೊತೆಗೆ 1865 ಎಂದು ಒತ್ತಿರುವುದನ್ನು ಕಂಡು ಮನೆಗೇ ಅಷ್ಟು ವಯಸ್ಸೆಂದು ಹೇಳಿಕೊಳ್ಳುವ ರೂಢಿಯುಂಟು. ಅದು ಕಾರ್ಖಾನೆ ಹುಟ್ಟಿದ ವರ್ಷವೇ ಹೊರತು ಆ ಹಂಚು ಸುಟ್ಟ ವರ್ಷವಲ್ಲವಾದ್ದರಿಂದ, ಊರ ಚರಿತ್ರೆ ಬರೆಯುವವರು ಈ ಮುದ್ರೆಯನ್ನು ಎಚ್ಚರದಿಂದ ಓದಬೇಕು.

ಹಂಚು ಬಂದ ಮೇಲೆ ವಾರ್ಷಿಕ ಕೆಲಸ ಕಡಿಮೆಯಾಯಿತು, ಆದರೆ ತಪ್ಪಲಿಲ್ಲ. ಮಂಗಗಳ ಹಾರಾಟ, ಬಿದ್ದ ತೆಂಗಿನಕಾಯಿ, ಸಂದಿನಲ್ಲಿ ಸೇರಿದ ತರಗೆಲೆ, ಬಡಗಣ ನೆರಳಿನ ಬದಿಯಲ್ಲಿ ಹಬ್ಬುವ ಹಾವಸೆ ಇವೆಲ್ಲ ಸೇರಿ ನೀರಿನ ದಾರಿಯನ್ನು ಕೆಡಿಸುತ್ತವೆ. ಆದ್ದರಿಂದ ಬೇಸಗೆಯ ಕೊನೆಗೆ ಹಂಚು ತೆಗೆದು, ಕಾಲುವೆಗಳನ್ನು ಗುಡಿಸಿ, ಒಡೆದುದನ್ನು ಬದಲಿಸಿ, ಗೆದ್ದಲು ಹಿಡಿದ ರೀಪನ್ನು ಕಿತ್ತು ಹೊಸತು ಹೊಡೆದು ಮತ್ತೆ ಜೋಡಿಸಬೇಕು. ಎಲ್ಲಿ ಒಡೆದಿದೆಯೆಂದು ತಿಳಿಯುವುದು ಕಷ್ಟವಲ್ಲ: ಒಳಗೆ ದೀಪವಾರಿಸಿ ತಲೆಯೆತ್ತಿ ನೋಡಿದರೆ ಬಿಸಿಲಿನ ಸೂಜಿ ಇಳಿಯುವ ಜಾಗವೇ ಮಳೆ ಇಳಿಯುವ ಜಾಗ, ಆದರೆ ತೊಟ್ಟಿಕ್ಕುವ ನೀರು ಪಕ್ಕಾಸಿನ ಅಡಿಯನ್ನು ಹಿಡಿದು ಮಾರು ದೂರ ಹರಿದು ಬೇರೆಲ್ಲೋ ಬೀಳುವುದರಿಂದ ನೆಲದ ಮೇಲೆ ಇಟ್ಟ ಪಾತ್ರೆ ಸೋರುವ ಹಂಚನ್ನು ತೋರಿಸಿಕೊಡುವುದಿಲ್ಲ. ಒಲೆಯ ಜಾಗಕ್ಕೆ ಗ್ಯಾಸು ಬಂದು ಹೊಗೆ ನಿಂತ ಮೇಲೆ ಅಡುಗೆಮನೆಯ ಮೇಲಿನ ಮರಕ್ಕೇ ಹುಳ ಹೆಚ್ಚಾಯಿತೆಂಬ ದೂರು ಹಳೆಯ ಮನೆಗಳಲ್ಲಿ ಸಾಮಾನ್ಯ.

ಹಂಚು ಸಣ್ಣ ಮನೆಗಳನ್ನೂ ತಲುಪಲು ಕಾನೂನು ಬೇಕಾಯಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆ ಗೇಣಿಭೂಮಿಯನ್ನು ಸರಕಾರದಲ್ಲಿ ನಿಹಿತಗೊಳಿಸಿ ಉಳುವವನಿಗೆ ಒಡೆತನದ ದಾರಿ ತೆರೆಯಿತು. ಭೂನ್ಯಾಯಮಂಡಳಿಯ ಆದೇಶ ಕೈಗೆ ಬಂದವನಿಗೆ ಮುಂದಿನ ಪತ್ತನಾಜೆಯ ಖಾತರಿ ಸಿಕ್ಕಿತು. ಆ ಬಳಿಕ ಹುಲ್ಲು ಇಳಿಸಿ ಹಂಚು ಏರಿಸುವುದು ಖರ್ಚಿನ ಬಾಬ್ತಾಗಿದ್ದರೂ ಗೌರವದ ಸಂಗತಿಯಾಯಿತು. ಇತ್ತ ಕುಮ್ಕಿಯ ಗುಡ್ಡಗಳಲ್ಲಿ ಗೇರು, ರಬ್ಬರು, ಅಡಿಕೆ ತೋಟಗಳು ಏಳತೊಡಗಿದ ಮೇಲೆ ಬೇಕೆಂದರೂ ಮುಳಿ ಸಿಗದಂತಾಯಿತು. ಹುಲ್ಲಿನ ಮಾಡು ಮರೆಯಾದದ್ದಕ್ಕೆ ಹಂಚಿನ ಸೊಗಸಿನಷ್ಟೇ ಪದವಿನ ಕಣ್ಮರೆಯೂ ಕಾರಣ.

ಗಲ್ಫಿನ ದುಡಿಮೆ, ಮುಂಬಯಿಯ ಹೋಟೆಲುಗಳ ಸಂಪಾದನೆ ಮತ್ತು ಅಡಿಕೆಯ ಬೆಲೆ ಒಟ್ಟಾಗಿ ತಂದ ಕಾಂಕ್ರೀಟಿನ ತಾರಸಿ, ಮಾಡಿನ ಕೆಲಸದಿಂದ ಒಮ್ಮೆಗೇ ಬಿಡುಗಡೆ ಕೊಡುತ್ತೇನೆಂಬ ಭರವಸೆಯೊಂದಿಗೆ ಬಂದಿತ್ತು. ಆದರೆ ಬಯಲುಸೀಮೆಯ ಮಳೆಗೆ ಹೊಂದುವ ಚಪ್ಪಟೆ ತಾರಸಿ ಇಲ್ಲಿ ನಾಲ್ಕು ತಿಂಗಳು ನೀರು ನಿಲ್ಲಿಸಿಕೊಂಡು ಕೂರುತ್ತದೆ. ಕೂದಲೆಳೆಯ ಬಿರುಕಿನಲ್ಲಿ ಇಳಿದ ನೀರು ಒಳಗಿನ ಸರಳನ್ನು ತುಕ್ಕುಹಿಡಿಸುತ್ತದೆ, ಉಬ್ಬಿದ ತುಕ್ಕು ಕೆಳಗಿನ ಗಾರೆಯನ್ನು ಒಡೆದು ಕೆಡವುತ್ತದೆ. ಸೂರಿಲ್ಲದ ಗೋಡೆಗಳು ಎರಚಲಿಗೆ ಕಪ್ಪಿಟ್ಟವು. ಆಗ ಜನರು ಕಂಡುಕೊಂಡ ಉಪಾಯ ತಾರಸಿಯ ಮೇಲೆ ಕಬ್ಬಿಣದ ಕೊಳವೆಗಳ ಚೌಕಟ್ಟು ನಿಲ್ಲಿಸಿ ಬಣ್ಣದ ತಗಡಿನ ಶೀಟನ್ನು ಇಳಿಜಾರಾಗಿ ಹೊದಿಸುವುದು. ಇಂದು ಬಂಟ್ವಾಳದ ಬಿ.ಸಿ. ರೋಡಿನಿಂದ ಉಜಿರೆಯವರೆಗೆ, ಅಲ್ಲಿಂದ ವೇಣೂರು ದಾರಿಯಾಗಿ ಮೂಡುಬಿದಿರೆಯವರೆಗೆ ಹೋದವರಿಗೆ ಕಾಣುವುದು ಇಂತಹ ಎರಡು ಮಾಡಿನ ಮನೆಗಳೇ. ವಾಸ್ತುಶಿಲ್ಪಿಗಳು ಇದನ್ನು ಕುರೂಪವೆನ್ನುವುದುಂಟು, ಆ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ತಾರಸಿಗೂ ಶೀಟಿಗೂ ನಡುವಿನ ಗಾಳಿಯಾಡುವ ಜಾಗ ಅಡಿಕೆ ಹರಡಲು, ಕೊಬ್ಬರಿ ಒಣಗಿಸಲು, ಆಟಿಯಲ್ಲಿ ಬಟ್ಟೆ ಹಾಕಲು, ಮದುವೆಗೆ ಬಂದ ನೆಂಟರನ್ನು ಊಟಕ್ಕೆ ಕೂರಿಸಲು ಒದಗುವಾಗ ಹಳೆಯ ಅಟ್ಟ ಮತ್ತು ಚಾವಡಿಗಳೆರಡೂ ಅಲ್ಲಿಗೇ ಏರಿ ಕುಳಿತಿರುವುದು ಕಾಣುತ್ತದೆ.

ಜೇಡಿಮಣ್ಣಿನ ಅಭಾವ, ಸೌದೆಯ ದುಬಾರಿ, ಕೂಲಿಯ ಕೊರತೆ ಇವುಗಳಿಂದ ಮಂಗಳೂರಿನ ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಕೆಡವಿದ ಮನೆಗಳ ಹಳೆ ಹಂಚಿಗೆ ಮಾತ್ರ ಗಿರಾಕಿಗಳಿದ್ದಾರೆ. ಧರ್ಮಸ್ಥಳದ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟು ಹಳೆಯ ದೇವಾಲಯಗಳ ಜೀರ್ಣೋದ್ಧಾರವನ್ನು ಕೈಗೊಳ್ಳುತ್ತ ಬಂದಿದೆ. ಗುತ್ತಿನ ಮನೆಗಳು ಮತ್ತು ಒಕ್ಕಲ ಮನೆಗಳಿಗೆ ಅಂತಹ ಆಸರೆ ಕಡಿಮೆ. ಶೀಟಿನ ಮಾಡಿಗೂ ತನ್ನದೇ ಆದ ಪಾಡಿದೆ. ತಗಡನ್ನು ಬಿಗಿಯುವ ಸ್ಕ್ರೂಗಳ ಅಡಿಯಲ್ಲಿರುವ ರಬ್ಬರಿನ ಬಿಲ್ಲೆ ಕೆಲವೇ ವರ್ಷಗಳ ಬಿಸಿಲಿಗೆ ಬಿರಿದು, ಸ್ಕ್ರೂ ಇದ್ದಲ್ಲೆಲ್ಲ ಒಂದೊಂದು ಹನಿ ಇಳಿಯತೊಡಗುತ್ತದೆ; ಹಾಗಾಗಿ ಬೇಶ ತಿಂಗಳು ಬರುತ್ತಿದ್ದಂತೆ ಊರೂರುಗಳಲ್ಲಿ ವೆಲ್ಡಿಂಗಿನವರಿಗೆ ಬಿಡುವಿರುವುದಿಲ್ಲ, ಕರೆದವರೆಲ್ಲರಿಗೂ ಅವರು ಹೇಳುವ ದಿನ ಪತ್ತನಾಜೆಯ ಆಚೆಗೇ ಬೀಳುತ್ತದೆ.